ಇಲ್ಲದ ಹೊಲದ ಎಳ್ಳಮಾಸಿ

ಆ ಎಳ್ಳಮಾಸಿ ದಿನ ನಮ್ಮ ಮನೆಯಲ್ಲಿ ಜಗಳ ಆದದ್ದು ಹುಲ್ಲಿನ ಮೇಲೆ ಅನ್ನ ಚೆಲ್ಲಿದ್ದಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳು. ಜಗಳ ಆದದ್ದು ನಮಗೆ ಹೊಲ ಇಲ್ಲ ಅಂತ ನಾನು ಹತ್ತು ಜನರ ಮುಂದೆ ಹೇಳಿದ್ದಕ್ಕೆ. ಹೇಳಿದ್ದು ಖರೆ. ಇವತ್ತಿಗೂ ಆ ಮಾತು ಹಿಂದಕ್ಕೆ ತೊಗೊಂಡಿಲ್ಲ.

ನಾನು ನಾಲ್ಕನೇ ಇಯತ್ತೆ ತನಕ ಕಲಿತಾಕಿ. ಅಕ್ಷರ ದಪ್ಪ ಬರುತ್ತವೆ, ಸಾಲು ಸೊಟ್ಟ ಹೋಗುತ್ತದೆ. ಮಗನ ಫ್ಯಾಕ್ಟರಿಯಿಂದ ಬಂದ ಹಳೆ ಡೈರಿಯ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮೊಮ್ಮಗಳು ದೊಡ್ಡಾಕಿ ಆದ ಮೇಲೆ ಯಾರಾದರೂ ಆಕಿಗೆ ಇದನ್ನು ಬೇರೆ ಥರ ಹೇಳಿಯಾರು. ಅದಕ್ಕೇ ಬರೆದಿಡುವುದು.

ನಾವು ಇರುವುದು ಮಿಯಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ, ಮೂರನೇ ಅಂತಸ್ತು. ಮಗ ಜೀಡಿಮೆಟ್ಲಾದ ಔಷಧದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಸೊಸೆ ಬ್ಯಾಂಕಿನಲ್ಲಿ. ಆಕಿ ತೆಲುಗಿನವರ ಮಗಳು, ತವರುಮನೆ ನಾಂಪಲ್ಲಿ ಕಡೆ. ಮೊಮ್ಮಗಳಿಗೆ ಆಗ ಇಪ್ಪತ್ತು ತಿಂಗಳು. ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಹೋದರೆ ಸಂಜೆ ಆರರ ತನಕ ಆ ಕೂಸು ನನ್ನದು. ಉಣಿಸುವುದು, ತೊಳೆಯುವುದು, ಮಲಗಿಸುವುದು, ನಾಲ್ಕು ಗಂಟೆಗೆ ಕೆಳಗೆ ಕರೆದುಕೊಂಡು ಹೋಗಿ ಆಡಿಸುವುದು. ಆಕಿ ನನ್ನನ್ನು ಆಯಿ ಅನ್ನುತ್ತಾಳೆ, ನಮ್ಮ ಕಡೆ ಅಜ್ಜಿಗೆ ಹಂಗೇ ಅನ್ನುವುದು. ಮೊದಲು ಕಲಿತ ಮಾತೇ ಅದು. ಸೊಸೆಗೆ ಅದು ಸ್ವಲ್ಪ ಚುಚ್ಚುತ್ತದೆ ಅಂತ ನನಗೆ ಗೊತ್ತು. ನಾನೇನು ಮಾಡಲಿ, ಇಡೀ ದಿನ ಕಣ್ಣೆದುರು ಇರುವವಳು ನಾನು.

ಈಗ ಹೊಲದ ಮಾತು. ಮಗನ ಮದುವೆ ಮಾತುಕತೆ ನಡೆದಾಗ ಬೀಗರು ಕೇಳಿದರು, ಊರಲ್ಲಿ ಆಸ್ತಿ ಏನಾದರೂ ಇದೆಯಾ ಅಂತ. ಮಗ ಥಟ್ಟನೆ ಅಂದ, ನಾಲ್ಕು ಎಕರೆ ತೊಗರಿ ಹೊಲ ಇದೆ ಅಂತ. ನಾನು ಪಕ್ಕದಲ್ಲೇ ಮಿಕ್ಚರ್ ತಟ್ಟೆ ಹಿಡಿದು ಕೂತಿದ್ದೆ. ಬಾಯಿ ತುಂಬ ಮಿಕ್ಚರ್ ಇತ್ತು, ಅದಕ್ಕೇ ಮಾತಾಡಲಿಲ್ಲ ಅಂತ ನೆಪ ಹೇಳಬಹುದು. ಹೇಳುವುದಿಲ್ಲ. ಮದುವೆ ಮುರಿಯಬಾರದು ಅಂತ ಬಾಯಿ ಮುಚ್ಚಿಕೊಂಡೆ.

ಹೇಳಿದ ಸುಳ್ಳನ್ನು ಸಾಕಬೇಕಲ್ಲ. ಪ್ರತಿ ವರ್ಷ ಬೀಗತಿ ಹೊಲ ನೋಡಲು ಹೋಗೋಣ ಅನ್ನುವಳು. ಮಗ ರಸ್ತೆ ಕೆಟ್ಟಿದೆ ಅನ್ನುವನು. ಐದು ವರ್ಷ ಆ ರಸ್ತೆ ರಿಪೇರಿ ಆಗಲೇ ಇಲ್ಲ. ಮೇಲಿಂದ ಸುಗ್ಗಿ ಆದ ಮೇಲೆ ಅಂಗಡಿಯಲ್ಲಿ ಐದು ಕಿಲೋ ತೊಗರಿಬೇಳೆ ಕೊಂಡು, ಹೆಸರಿಲ್ಲದ ಬಟ್ಟೆಯ ಚೀಲಕ್ಕೆ ಸುರಿದು, ಹೊಲದ ಬೇಳೆ ಅಂತ ಬೀಗರ ಮನೆಗೆ ಮುಟ್ಟಿಸುವನು. ಬೀಗತಿ ಫೋನ್ ಮಾಡಿ, ಅತ್ತಿಗೆಯವರೇ ಅಂತ ತೆಲುಗಿನಲ್ಲಿ ಕರೆದು, ನನಗೆ ಹೇಳುವಳು, "ವದಿನಗಾರು, ಸ್ವಂತ ಹೊಲದ ಬೇಳೆ ರುಚಿಯೇ ಬೇರೆ." ನಾನು ಹೂಂ ಅನ್ನುತ್ತಿದ್ದೆ. ಆ ಐದು ಹೂಂ ನನ್ನ ಪಾಪ. ಒಪ್ಪುತ್ತೇನೆ.

ನಮ್ಮ ಕಡೆ ಎಳ್ಳಮಾಸಿ, ಎಳ್ಳಮಾವಾಸ್ಯೆ, ಅಂದರೆ ಹೊಲದ ಹಬ್ಬ. ಮನೆ ಮಂದಿ ಎಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಜೋಳದ ದಂಟಿನ ಸಣ್ಣ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರು ಅಂತ ಕೂಡಿಸಿ, ಸಜ್ಜೆ ರೊಟ್ಟಿ, ಕಡುಬು, ಕಾಯಿಪಲ್ಯ ಎಲ್ಲ ಕೂಡಿಸಿ ಮಾಡಿದ ಭಜ್ಜಿ ಎಡೆ ಹಿಡಿಯುತ್ತಾರೆ. ಆಮೇಲೆ ಆ ಅಡುಗೆಯನ್ನು ಬೆಳೆಯ ಸುತ್ತ ಚೆಲ್ಲುತ್ತ ತಿರುಗುತ್ತಾರೆ. ಅದಕ್ಕೆ ಚರಗ ಅನ್ನುತ್ತೇವೆ. ಭೂಮಿತಾಯಿ ಬಸುರಿ ಇದ್ದಾಳೆ, ಆಕಿಗೆ ಬಯಕೆ ಊಟ ಅಂತ.

ಹೊಲ ಇಲ್ಲದವರು ಏನು ಮಾಡಬೇಕು? ಸಣ್ಣವಳಿದ್ದಾಗ ನಮ್ಮ ಮನೆಯವರು ಕೂಲಿಗೆ ಹೋಗುತ್ತಿದ್ದ ಗೌಡರ ಹೊಲದ ಬದುವಿನಲ್ಲಿ ಕೂತು ಉಂಡೆವು. ಮದುವೆ ಆಗಿ ಗಂಡನ ಜೊತೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಬಂದ ಮೇಲೆ ಅದೂ ಇಲ್ಲ. ನಮ್ಮ ಕಡೆಯ ಇಪ್ಪತ್ತು ಮಂದಿ ಒಂದೇ ಸೈಟಿನಲ್ಲಿ ತಗಡಿನ ಶೆಡ್ಡಿನಲ್ಲಿ ಇದ್ದೆವು. ಮೊದಲ ವರ್ಷ ಯಾರೋ ಅಂದರು, ಇಲ್ಲೇ ಮಾಡೋಣ. ಐದು ಮುರುಕು ಇಟ್ಟಂಗಿಗೆ ಸುಣ್ಣ ಬಳಿದು ಮರಳಿನ ಗುಡ್ಡೆ ಮೇಲೆ ಕೂಡಿಸಿದೆವು. ಪಾಯಾ ತೋಡಿದ ಗುಂಡಿಯ ಸುತ್ತ ಚರಗ ಚೆಲ್ಲಿದೆವು. ಗಂಡಸರು ಚರಗದ ಕೂಗು ಹಾಕಿದರು, ಮೇಸ್ತ್ರಿ ಬೈದ, ಆಮೇಲೆ ಅವನೂ ಕೂತು ಎರಡು ಕಡುಬು ತಿಂದ. ಹದಿನೈದು ವರ್ಷ ಹಂಗೇ ಮಾಡಿದೆವು. ನನ್ನ ಗಂಡ ಹೋದ ಮೇಲೆ, ಮಗ ನೌಕರಿ ಹಿಡಿದ ಮೇಲೆ, ಅದು ನಿಂತಿತ್ತು.

ಆ ವರ್ಷ ಎಳ್ಳಮಾಸಿ ಭಾನುವಾರ ಬಂತು. ಮಗನಿಗೂ ಸೊಸೆಗೂ ಶನಿವಾರ, ಭಾನುವಾರ ಎರಡೂ ದಿನ ಸೂಟಿ. ಮಗುವಿಗೆ ಹಬ್ಬ ಅಂದರೆ ಏನು ಅಂತ ತಿಳಿಯುವ ಮೊದಲ ವರ್ಷ. ಈ ಸಲ ಮಾಡುತ್ತೇನೆ ಅಂದೆ. ಸೊಸೆ ಖುಷಿಯಾಗಿ ತನ್ನ ತಾಯಿಗೂ ಹೇಳಿದಳು. ಬೀಗತಿ ಶನಿವಾರ ಮಧ್ಯಾಹ್ನವೇ ಬೇಕರಿ ಬಿಸ್ಕೀಟಿನ ಡಬ್ಬಿ ಹಿಡಿದು ಬಂದಿಳಿದಳು. ಆಕಿ ಮಾತಾಡುವುದು ತೆಲುಗು, ನಾನು ಆಡುವುದು ಸೈಟಿನ ತೆಲುಗು. ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಶನಿವಾರ ಸಂಜೆ ಅಡುಗೆಮನೆ ನೆಲದ ಮೇಲೆ ಸಜ್ಜೆ ಹಿಟ್ಟಿನ ಪರಾತ ಇಟ್ಟುಕೊಂಡು ಕೂತೆ. ಕೂಸು ಬಂದು ಪರಾತದಲ್ಲೇ ಕೂತಳು. ಎತ್ತಿ ಈ ಕಡೆ ಇಟ್ಟರೆ ಎಳ್ಳಿನ ತಟ್ಟೆಗೆ ಕೈ. ಒದ್ದೆ ಕೈಗೆ ಅಂಟಿದ ಎಳ್ಳನ್ನು ಒಂದೊಂದೇ ನೆಕ್ಕುತ್ತ, ನಡುವೆ ನನ್ನ ಮೊಣಕಾಲಿಗೆ ಒರೆಸುತ್ತ, ಒಂದು ತಾಸು ಎದ್ದು ಹೋಗಲಿಲ್ಲ.

ಬೀಗತಿ ಬಾಗಿಲಲ್ಲಿ ನಿಂತು ಅಂದಳು, "ವದಿನಗಾರು, ಇಷ್ಟು ಸಣ್ಣ ಕೂಸಿಗೆ ಸಜ್ಜೆ ಅರಗುತ್ತದಾ?"

"ಅರಗದಿದ್ರ ಹೊರಗ ಬರತೈತ್ರಿ. ಒಳಗ ಮನಿ ಕಟ್ಟಿಕೊಂಡು ಕೂಡತೈತೇನು?"

ಸೊಸೆ ನಕ್ಕಳು. ಬೀಗತಿ ನಗಲಿಲ್ಲ. ಅಳಿಯನ ಕಡೆ ತಿರುಗಿ ಅಂದಳು, "ಎರಡು ದಿನ ರಜೆ ಇತ್ತಲ್ಲ ಅಳಿಯಾ, ನಿಮ್ಮ ಹೊಲಕ್ಕೇ ಹೋಗಬಹುದಿತ್ತು. ಕಾರಿನಲ್ಲಿ ಎಷ್ಟೊತ್ತಿನ ದಾರಿ?"

ಮಗ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ. "ರಸ್ತೆ, ಅತ್ತೆ. ಇನ್ನೂ ಸರಿಯಾಗಿಲ್ಲ," ಅಂದ.

ಅವತ್ತೂ ನಾನು ಸುಮ್ಮನೇ ರೊಟ್ಟಿ ಬಡಿದೆ.

ಭಾನುವಾರ ಹತ್ತು ಗಂಟೆಗೆ ಎಲ್ಲರೂ ಕೆಳಗಿಳಿದೆವು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಣ್ಣು ಅಂತ ಇರುವುದು ಒಂದೇ ಜಾಗ, ನಡುವಿನ ಹುಲ್ಲಿನ ತೋಟ. ಆ ವಾರ ದಾರಿಗೆ ಟೈಲ್ಸ್ ಹಾಕುವ ಕೆಲಸ ನಡೆದಿತ್ತು. ಪಂಪಿನ ಮನೆ ಪಕ್ಕ ಇಟ್ಟಂಗಿ ಚೂರು ಬಿದ್ದಿದ್ದವು. ಐದು ಆರಿಸಿಕೊಂಡೆ. ಬೇವಿನ ಗಿಡದ ಬುಡದಲ್ಲಿ ಸೆರಗು ಸಿಗಿಸಿ ಕುಕ್ಕರಗಾಲಲ್ಲಿ ಕೂತು ಸುಣ್ಣ ಬಳಿದೆ. ಕೂಸೂ ಬಳಿದಳು. ಇಟ್ಟಂಗಿಗಿಂತ ಆಕಿಯ ಮೂಗಿಗೇ ಹೆಚ್ಚು ಹತ್ತಿತು. ಅಷ್ಟರಲ್ಲಿ ಸೊಸೆ ಸೆರಗಿನಿಂದ ಒರೆಸಿದಳು, ಮಗ ಫೋನಿನಲ್ಲಿ ಫೋಟೊ ಹೊಡೆದ. ಬೀಗತಿ ಬೆಂಚಿನ ಮೇಲೆ ಕೂತು ನೋಡಿದಳು.

ಎಡೆ ಹಿಡಿದೆ. ಆಮೇಲೆ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು, ಕೂಸಿನ ಕೈ ಹಿಡಿದು, ಹುಲ್ಲಿನ ಸುತ್ತ ಚರಗ ಚೆಲ್ಲುತ್ತ ಹೊರಟೆ. ನಾನು ಒಂದು ಹಿಡಿ ಚೆಲ್ಲಿದರೆ ಆಕಿಯೂ ಒಂದು ಹಿಡಿ. ಆಕಿಯದು ಅರ್ಧ ತನ್ನ ತಲೆ ಮೇಲೇ ಬೀಳುವುದು. ಪಾರಿವಾಳ ಬಂದವು. ಅಲ್ಲಿ ಆಡುತ್ತಿದ್ದ ಮೂರು ನಾಲ್ಕು ಹುಡುಗರು ಬಂದು ತಾವೂ ಕೈ ಒಡ್ಡಿದರು, ಅವರಿಗೂ ಕೊಟ್ಟೆ. ಕೂಸು ಕಿರುಚಿದ ಕಿರುಚಾಟ ನಾಲ್ಕನೇ ಅಂತಸ್ತಿಗೆ ಕೇಳಿಸಿರಬೇಕು. ಅಷ್ಟು ಖುಷಿ ಆ ಕೂಸಿನ ಮುಖದಲ್ಲಿ ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ.

ಆಗ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಂದ. ವಾಕಿಂಗ್ ಬೂಟು, ಕೈಯಲ್ಲಿ ಫೋನು. ನನ್ನ ಕಡೆ ನೋಡಲೇ ಇಲ್ಲ. ಗೇಟಿನ ಕಾವಲುಗಾರನ ಮೇಲೆ ಹಿಂದಿಯಲ್ಲಿ ಕೂಗಿದ, "ಟೈಲ್ಸ್ ಕೆಲಸದ ಈ ಲೇಬರ್ ಹೆಂಗಸನ್ನ ತೋಟದೊಳಗೆ ಬಿಟ್ಟವರು ಯಾರು? ಇದೇನು ಊಟ ಮಾಡಿ ಕಸ ಎಸೆಯುವ ಜಾಗವಾ?"

ಮಗ ಓಡಿ ಬಂದ. "ಅಂಕಲ್, ಅಂಕಲ್, ಲೇಬರ್ ಅಲ್ಲ. ನಮ್ಮ ತಾಯಿ. ಊರಲ್ಲಿ ನಮ್ಮದು ನಾಲ್ಕು ಎಕರೆ ಹೊಲ ಇದೆ. ಇದು ಹೊಲದವರ ಪದ್ಧತಿ. ಈ ಸಲ ಹೋಗಲಿಕ್ಕೆ ಆಗಲಿಲ್ಲ, ಅದಕ್ಕೆ..."

ಸೆಕ್ರೆಟರಿಯ ಮುಖ ಒಮ್ಮೆಲೇ ಬೇರೆ ಆಯಿತು. "ಓ, ರೈತರಾ! ಮೊದಲೇ ಹೇಳಬಾರದಾ? ಮಾಡಿ ಅಮ್ಮಾ, ಮಾಡಿ. ನಾನು ಯಾರೋ ಲೇಬರ್ ಅಂದುಕೊಂಡೆ," ಅಂತ ಕೈ ಮುಗಿದ.

ನನಗೆ ಸಿಟ್ಟು ಬಂದದ್ದು ಅವನು ಬೈದಾಗ ಅಲ್ಲ. ಬೈಗುಳ ಎಷ್ಟೋ ತಿಂದಿದ್ದೇನೆ. ಸಿಟ್ಟು ಬಂದದ್ದು ಅವನು ಕೈ ಮುಗಿದಾಗ. ಅದೇ ರೊಟ್ಟಿ, ಅದೇ ಹುಲ್ಲು, ಅದೇ ನಾನು. ಹೊಲ ಇದ್ದಾಕಿ ಚೆಲ್ಲಿದರೆ ಪದ್ಧತಿ, ಲೇಬರ್ ಚೆಲ್ಲಿದರೆ ಕಸ. ಆ ಕೈಮುಗಿತ ನನಗೆ ಬಂದದ್ದಲ್ಲ, ಎಲ್ಲೂ ಇಲ್ಲದ ಆ ನಾಲ್ಕು ಎಕರೆಗೆ ಬಂದದ್ದು.

"ಹೊಲ ಇಲ್ರೀ," ಅಂದೆ. "ಒಂದು ಗುಂಟೆನೂ ಇಲ್ಲ. ಎಂದೂ ಇರಲಿಲ್ಲ. ನಾ ಲೇಬರೇ ಇದ್ದಾಕಿ. ಇದೇ ಮಿಯಾಪುರದಾಗ ನಾಕು ಬಿಲ್ಡಿಂಗಿಗೆ ಇಟ್ಟಂಗಿ ಹೊತ್ತೀನಿ. ಈ ಹಬ್ಬ ಮಾಡಿದ್ದೂ ಸೈಟಿನಾಗ."

ಸಿಟ್ಟಿನಲ್ಲಿ ನಮ್ಮ ಮಾತೇ ಬಂತು. ಸೆಕ್ರೆಟರಿಗೆ ಪೂರ್ತಿ ತಿಳಿಯಲಿಲ್ಲ ಅಂತ ಕಂಡಿತು. ಅದಕ್ಕೆ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದೆ, ನಿಧಾನಕ್ಕೆ. ಆಮೇಲೆ ಜನ ಅದನ್ನು ಹಿಗ್ಗಿಸಿ, ಈ ಮುದುಕಿ ಇದೇ ಅಪಾರ್ಟ್‌ಮೆಂಟ್ ಕಟ್ಟಿದ್ದು ನಾನೇ ಅಂದಳು ಅಂತ ಮಾಡಿದರು. ನಾನು ಹಂಗೆ ಅಂದಿಲ್ಲ. ಇದನ್ನು ಕಟ್ಟುವ ಹೊತ್ತಿಗೆ ನನ್ನ ಸೊಂಟ ಹೋಗಿತ್ತು.

ಸೆಕ್ರೆಟರಿ, "ಸರಿ, ಆಮೇಲೆ ಸ್ವಚ್ಛ ಮಾಡಿಸಿ," ಅಂತ ಯಾರಿಗೂ ಅಲ್ಲದಂಗೆ ಹೇಳಿ ಹೋದ. ಮಗ ಫೋನು ಜೇಬಿಗಿಟ್ಟ. ಬೀಗತಿ ಬೆಂಚಿನಿಂದ ಎದ್ದಳು. ಕೂಸು ಮಾತ್ರ ಬುಟ್ಟಿಗೆ ಕೈ ಹಾಕಿ ಚೆಲ್ಲುತ್ತಲೇ ಇದ್ದಳು.

ಮೇಲೆ ಬಂದ ಮೇಲೆ ಬೀಗತಿಯ ಮೊದಲ ಮಾತು, "ಹಂಗಾದರೆ ಆ ಬೇಳೆ?"

"ಅಂಗಡಿದು," ಅಂದೆ.

"ಅವ್ವಾ!" ಅಂದ ಮಗ.

"ಐದು ವರ್ಷ ನಾನು ನೆಂಟರಿಗೆಲ್ಲ ಹಂಚಿದೆ," ಅಂದಳು ಬೀಗತಿ. "ನಮ್ಮ ಅಳಿಯನ ಹೊಲದ್ದು ಅಂತ. ಹೆಮ್ಮೆಯಿಂದ." ಆಕಿಗೆ ನಿಜವಾಗಿ ನೋವಾಗಿತ್ತು. ನಾನು ಅಲ್ಲ ಅನ್ನುವುದಿಲ್ಲ.

ಮಾಡಿದ ಅಡುಗೆ ಮಾಡಿದಲ್ಲೇ ಉಳಿಯಿತು. ಸೊಸೆ ಕೂಸಿಗೆ ಸ್ನಾನ ಮಾಡಿಸಿ ಮಲಗಿಸಿದಳು. ಹೊರಗೆ ಬಂದು ಗಂಡನ ಕಡೆ ನೋಡಲಿಲ್ಲ, ನನ್ನ ಎದುರು ನಿಂತಳು. "ಅತ್ತಮ್ಮ, ಅವರು ಸುಳ್ಳು ಹೇಳಿದರು, ಸರಿ. ನೀವು ಅಲ್ಲೇ ಕೂತಿದ್ದಿರಿ. ಐದು ವರ್ಷ ನನ್ನ ಜೊತೆ ಒಂದೇ ಒಲೆ ಮುಂದೆ ನಿಂತಿದ್ದೀರಿ. ಒಂದು ದಿನವೂ ಯಾಕೆ ಹೇಳಲಿಲ್ಲ?"

"ತಪ್ಪಾತು," ಅಂದೆ. "ಅಂದು ಸುಮ್ಮನಿದ್ದದ್ದು ತಪ್ಪು. ಇವತ್ತು ಹೇಳಿದ್ದು ತಪ್ಪಲ್ಲ."

ಸಂಜೆ ಚಹಾದ ಹೊತ್ತಿಗೆ ಬೀಗತಿ ತೀರ್ಮಾನ ಹೇಳಿದಳು. ಮಗಳನ್ನೂ ಮೊಮ್ಮಗಳನ್ನೂ ನಾಳೆ ತನ್ನ ಜೊತೆ ನಾಂಪಲ್ಲಿಗೆ ಕರೆದುಕೊಂಡು ಹೋಗುತ್ತಾಳಂತೆ. ಹೊಲ ಇದ್ದರೆ ಕಾಗದ ತೋರಿಸಬೇಕು. ಇಲ್ಲದಿದ್ದರೆ ಇಂಥ ಮನೆಯಲ್ಲಿ ಕೂಸು ಬೆಳೆಯುವುದು ಬೇಡ. ಆಕಿಯ ಮನೆ ಪಕ್ಕದಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಶಾಲೆ ಇದೆಯಂತೆ. ಸೊಸೆ, "ಬೆಳಿಗ್ಗೆ ಹೇಳ್ತೀನಿ ಅಮ್ಮಾ," ಅಂದಳು. ಬೇಡ ಅನ್ನಲಿಲ್ಲ.

ಮಗ ನನ್ನನ್ನು ಬಾಲ್ಕನಿಗೆ ಕರೆದ. "ಅವ್ವ, ಒಂದೇ ಮಾತು ಹೇಳು. ಹೊಲ ಐತಿ, ಅಣ್ಣತಮ್ಮರ ಪಾಲಿನ ತಕರಾರು ಐತಿ, ಸಿಟ್ಟಿನಾಗ ಇಲ್ಲ ಅಂದೆ ಅನ್ನು. ಅಷ್ಟು ಅಂದ್ರ ಅವರು ಸುಮ್ಮನಾಗ್ತಾರ. ಕೂಸು ನಿನ್ನ ಕಡೆನೇ ಇರತಾಳ."

"ಅನ್ನೂದಿಲ್ಲ."

"ಹಾಸ್ಟೆಲಿನಾಗ ಲೇಬರ್ ಮಗ, ಲೇಬರ್ ಮಗ ಅಂತ ಅನಿಸಿಕೊಂಡಾಂವ ನಾನು. ನಿನಗೇನು ಗೊತ್ತು ಅದು?"

"ನನಗ ಗೊತ್ತಿಲ್ಲೇನು? ನಿನಗ ಲೇಬರ್ ಮಗ ಅಂದ್ರು. ನನಗ ಬರೇ ಲೇಬರ್ ಅಂದ್ರು."

ಅವನು ಅತ್ತ. ಮೂವತ್ತೆರಡು ವರ್ಷದ ಗಂಡಸು. ನಾನು ಸಮಾಧಾನ ಮಾಡಲಿಲ್ಲ. ಮಾಡಿದ್ದರೆ ಅವನು ಕೇಳಿದ್ದಕ್ಕೆ ಹೂಂ ಅಂದುಬಿಡುತ್ತಿದ್ದೆ.

ಅಂಜಿಕೆ ಆಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಒಂಬತ್ತರಿಂದ ಆರರ ತನಕ ಆ ಮನೆಯಲ್ಲಿ ಕೂಸಿಲ್ಲದೆ ನಾನು ಏನು ಮಾಡುತ್ತೇನೆ? ಟಿವಿ ನೋಡುವ ಚಾಳಿ ಇಲ್ಲ. ಯಾರ ಮನೆಗೂ ಹೋಗುವಾಕಿ ಅಲ್ಲ. ಆಯಿ ಅನ್ನುವ ಬಾಯಿ ಎರಡು ತಿಂಗಳಲ್ಲಿ ಬೇರೆ ಮಾತು ಕಲಿಯುತ್ತದೆ, ಸಣ್ಣ ಮಕ್ಕಳ ನೆನಪು ಅಷ್ಟೇ. ಅದೆಲ್ಲ ಲೆಕ್ಕ ಹಾಕಿದೆ. ಆದರೂ ಇನ್ನೊಂದು ಕಡೆ ಇದಿತ್ತು: ಕೂಸು ನನ್ನ ಹತ್ತಿರವೇ ಉಳಿದು, ದೊಡ್ಡಾಕಿ ಆಗಿ, ನಮ್ಮ ಹೊಲ ಎಲ್ಲಿದೆ ಆಯಿ ಅಂತ ಕೇಳಿದರೆ? ಆಗಲೂ ರಸ್ತೆ ಕೆಟ್ಟಿದೆ ಅನ್ನಬೇಕಾ? ಆ ಕೂಸಿಗೂ ನಾನು ಸುಳ್ಳು ಹುಟ್ಟಿಸಿ ಹೇಳುವುದಾದರೆ ಆಕಿಯನ್ನು ಸಾಕಿ ಏನು ಬಂತು?

ಸೋಮವಾರ ಬೆಳಿಗ್ಗೆ ಬೀಗತಿ ಚೀಲ ಕಟ್ಟಿ ಸೋಫಾದ ಪಕ್ಕ ಇಟ್ಟಿದ್ದಳು. ಕೂಸಿನ ಅಂಗಿಗಳೂ ಅದರಲ್ಲಿ ಹೋಗಿದ್ದವು. ಮಗ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ಅವ್ವ, ನಿನ್ನ ಕಾಲಿಗೆ ಬೀಳ್ತೀನಿ," ಅಂದ.

"ಬೀಳಬ್ಯಾಡ. ಫ್ಯಾಕ್ಟರಿ ಬಸ್ಸು ಹೋಗತೈತಿ."

ಅವನು ಹೋದ. ನಾನು ಕೂಸನ್ನು ಸೊಂಟದ ಮೇಲೆ ಕೂಡಿಸಿಕೊಂಡೆ. ಬೀಗತಿಗೆ ಹೇಳಿದೆ, "ನೀವು ಕಾಗದ ಕೇಳಿದ್ರಿ. ಕಾಗದ ಇಲ್ಲ. ಈ ಮನೆತನ ಏನು ಮಾಡತಿತ್ತು ಅಂತ ನೋಡೋದಿದ್ರ ನನ್ನ ಜೋಡಿ ಬರ್ರಿ. ಮೆಟ್ರೊ ದಾರಿಯಾಗೇ ಐತಿ. ಆಮೇಲೆ ಆಟೊ ಹತ್ತರಿ."

ಬೀಗತಿ ಮಗಳ ಮುಖ ನೋಡಿದಳು. ಸೊಸೆ ಬ್ಯಾಂಕಿನ ಚೀಲ ಹೆಗಲಿಗೆ ಹಾಕಿಕೊಂಡು, "ಬಾ ಅಮ್ಮಾ," ಅಂದಳು.

ಮೆಟ್ರೊ ಸ್ಟೇಷನ್ ಹತ್ತಿರ ಒಂದು ಗಲ್ಲಿಯಲ್ಲಿ ಹಳೆ ಅಪಾರ್ಟ್‌ಮೆಂಟ್ ಇದೆ. ನಾಲ್ಕು ಅಂತಸ್ತು. ಬಣ್ಣ ಹೋಗಿದೆ, ಕೆಳಗೆ ಟಿಫಿನ್ ಸೆಂಟರ್. ಅದರ ಎದುರು ನಿಂತೆ.

"ಇದು ಯಾರದು?" ಅಂದಳು ಬೀಗತಿ.

"ಯಾರದೋ. ನಮ್ಮದಲ್ಲ."

"ಮತ್ತೆ ಯಾಕೆ ತೋರಿಸ್ತೀರಿ?"

"ಇದನ್ನ ಹೊತ್ತಾಕಿ ನಾನು. ಅಗೋ, ಎರಡನೇ ಮಹಡಿಯಾಗ ಹಸಿರು ಸೀರಿ ಒಣಗಾಕ ಹಾಕ್ಯಾರಲ್ಲ, ಅಲ್ಲಿ ಸೆಂಟ್ರಿಂಗ್ ಕಟ್ಟಿಗಿಗೆ ಜೋಳಿಗಿ ಕಟ್ಟಿ ನಿಮ್ಮ ಅಳಿಯನ್ನ ಮಲಗಸತಿದ್ದೆ. ಸಿಮೆಂಟ್ ಧೂಳಿಗೆ ಕಣ್ಣು ಕೆಂಪಾಗಿರತಿದ್ದು. ಹೊಲ ಅಂತ ಅವ ಹೇಳಿದ. ಅವ ಬೆಳದದ್ದು ಇಲ್ಲಿ."

ಬೀಗತಿ ಮೇಲೆ ನೋಡಿದಳು. ಆಮೇಲೆ, "ಒಂದು ಸಲಕ್ಕೆ ಎಷ್ಟು ಇಟ್ಟಂಗಿ?" ಅಂದಳು.

"ಹತ್ತು. ಬಸುರಿ ಇದ್ದಾಗ ಆರು." ನನ್ನ ಎರಡನೇ ಕೂಸು ಉಳಿಯಲಿಲ್ಲ. ಅದು ಬೇರೆ ಮಾತು, ಆಕಿಗೆ ಹೇಳಲಿಲ್ಲ.

ಸೊಸೆ ಫೋನಿನಲ್ಲಿ ಟೈಮು ನೋಡಿದಳು. ತಾಯಿಗೆ ಹೇಳಿದಳು, "ನಾಲ್ಕು ಎಕರೆ ನೋಡಿ ನಾನು ಮದುವೆ ಆಗಲಿಲ್ಲ ಅಮ್ಮಾ. ಸುಳ್ಳು ಹೇಳಿದ್ದಕ್ಕೆ ಅವರ ಜೊತೆ ನಾನು ಮಾತಾಡ್ತೀನಿ, ಅದು ನನ್ನ ಕೆಲಸ. ಪಾಪು ಇಲ್ಲೇ ಇರಲಿ. ನಾನೂ ಇಲ್ಲೇ ಇರ್ತೀನಿ." ಆಮೇಲೆ ನನ್ನ ಕಡೆ ತಿರುಗಿದಳು. ಮುಖ ಗಂಟು ಹಾಕಿಕೊಂಡೇ ಇತ್ತು. "ನಿಮ್ಮ ಜೊತೆಯೂ ಮಾತಾಡೋದಿದೆ ಅತ್ತಮ್ಮ. ಸಂಜೆ. ಪಾಪುಗೆ ಹತ್ತು ಗಂಟೆಗೆ ರಾಗಿ ಗಂಜಿ ಕೊಡಿ, ಮರೀಬೇಡಿ." ಮೆಟ್ರೊ ಮೆಟ್ಟಿಲು ಹತ್ತಿ ಹೋದಳು.

ಬೀಗತಿ ಚೀಲದಿಂದ ಕೂಸಿನ ಅಂಗಿಗಳನ್ನು ಒಂದೊಂದೇ ತೆಗೆದು ನನ್ನ ತೋಳಿನ ಮೇಲೆ ಹಾಕಿದಳು. ಆಟೊ ನಿಲ್ಲಿಸಿ ಒಳಗೆ ಕೂತ ಮೇಲೆ ಅಂದಳು, "ಏನೇ ಹೇಳಿ ವದಿನಗಾರು, ಹತ್ತು ಜನರ ಮುಂದೆ ನೀವು ಮಾಡಿದ್ದು ಸರಿಯಲ್ಲ."

"ಇರಬಹುದ್ರಿ," ಅಂದೆ. "ಹೋಗಿ ಬರ್ರಿ. ಆಟೊದಾಂವ ಕಾಯಾಕತ್ತಾನ."

ಮನೆಗೆ ಬಂದು ಕೂಸನ್ನು ಅಡುಗೆಮನೆಯ ನೆಲದ ಮೇಲೆ ಬಿಟ್ಟೆ. ರಾಗಿ ಡಬ್ಬಿ ಮೇಲಿನ ಶೆಲ್ಫಿನಲ್ಲಿತ್ತು. ಸಂಜೆ ಸೊಸೆ ಕೇಳಿದರೆ ಖರೆ ಹೇಳಿದರಾಯಿತು ಅಂತ ಅದನ್ನು ಇಳಿಸಲಿಲ್ಲ. ಜೋಳದ ಹಿಟ್ಟು ನಾದಿ ಎರಡು ಬಿಸಿ ರೊಟ್ಟಿ ಬಡಿದೆ, ಹಾಲಿನಲ್ಲಿ ಹಿಸುಕಿ, ಚೂರು ಬೆಲ್ಲ ಹಾಕಿ ಆಕಿಗೆ ಉಣಿಸಿದೆ. ಬಟ್ಟಲು ಖಾಲಿ ಮಾಡಿದಳು.